ಚಪ್ಪಲಿಯ ಸರದಿ

“ಚಪ್ಪಲಿಗೂ ಫಿಟ್ಸ್ ಬರುತ್ತೇನ್ರೀ?” ಎನ್ನುತ್ತಾ ಸಫಾರಿ ಸೂಟಿನವರೊಬ್ಬರು ಕೊಡೆಯ ತುದಿಯಿಂದ ತಮ್ಮ ಮುಂದಿದ್ದ ಜೋಡನ್ನು ಸಾಲಿನಿಂದಾಚೆ ತಳ್ಳಿದರು.

ಅವರ ಹಿಂದಿದ್ದ ಹೆಂಗಸು ಬಗ್ಗಿ, ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿ ಮತ್ತೆ ಅದರ ಜಾಗಕ್ಕೇ ತಂದಿಟ್ಟಳು. ಎಡಗಾಲಿನದರ ಬಾರಿಗೆ ನೀಲಿ ದಾರದ ಹೊಲಿಗೆ ಹಾಕಿತ್ತು.

“ಅದರ ಸರದಿ ಅದಕ್ಕೆ ಬಿಡಿ ಸಾರ್.”

ಮಕ್ಕಳ ಫಿಟ್ಸ್ ಔಷಧಿ ಊರಲ್ಲೆಲ್ಲೂ ಸಿಗುತ್ತಿರಲಿಲ್ಲ. ಈ ಅಂಗಡಿಗೆ ಮಾತ್ರ ಒಂದು ಪೆಟ್ಟಿಗೆ ಬಂದಿತ್ತು. ಮನೆಗೊಂದೇ ಬಾಟಲಿ. ಬಿಸಿಲಲ್ಲಿ ನಿಲ್ಲಲಾಗದವರು ತಮ್ಮ ಬದಲಿಗೆ ಚೀಲವನ್ನೋ ಕಲ್ಲನ್ನೋ ನಿಲ್ಲಿಸಿ ನೆರಳಿಗೆ ಹೋಗಿದ್ದರು. ಸರದಿ ಬಂದಾಗ ಕಲ್ಲಿಗೂ ಒಡೆಯರು ಓಡಿ ಬಂದರು. ಈ ಚಪ್ಪಲಿಗೆ ಮಾತ್ರ ಯಾರೂ ಬರಲಿಲ್ಲ. ಉಳಿದದ್ದು ಒಂದೇ ಬಾಟಲಿ.

“ನಿಮಗ್ಯಾಕಮ್ಮ ಈ ಉಸಾಬರಿ? ನಿಮ್ಮ ಮನೇಲಿ ಕಾಯಿಲೆ ಮಗು ಇಲ್ವಾ?”

“ಇದೆ,” ಎಂದಳು. ಬೆಳಗ್ಗೆ ಅವಳ ಅತ್ತೆ ಖಾಲಿ ಬಾಟಲಿಗೆ ನೀರು ಹಾಕಿ ಕುಲುಕಿ, ತಳದ ಅಂಟನ್ನೂ ಬಿಡದೆ ಮೊಮ್ಮಗಳಿಗೆ ಕುಡಿಸಿದ್ದರು. ಸಂಜೆಗೆ ಔಷಧಿ ಬೀಳದಿದ್ದರೆ ಮಗು ಮತ್ತೆ ಸೆಟೆದುಕೊಳ್ಳುತ್ತದೆ. “ನಿಮಗೆ ಯಾರಿಗೆ ಸಾರ್?”

“ಮೊಮ್ಮಗನಿಗೆ. ಈ ತಿಂಗಳದು ಮನೇಲಿದೆ. ಮುಂದಿನ ತಿಂಗಳಿಗೆ ಇರಲಿ ಅಂತ.”

“ಹಾಗಾದ್ರೆ ಆ ಚಪ್ಪಲಿ ಹಿಂದೆ ಇನ್ನೊಂದು ತಿಂಗಳು ನಿಂತ್ಕೊಳ್ಳಿ.”

ಜನ ನಕ್ಕರು. “ಶಟರ್ ಎತ್ತೋಕೆ ಮುಂಚೇನೇ ನನ್ನ ಹಿಂದೆ ಬಂದಿತ್ತು ಪಾಪ, ಆಚೀಚೆ ಕದಲಿಲ್ಲ,” ಎಂದು ಅಜ್ಜಿಯೊಬ್ಬರು ಸಾಕ್ಷಿ ನುಡಿದರು.

ಗಲಾಟೆಗೆ ಅಂಗಡಿಯವರೇ ಹೊರಗೆ ಬಂದರು. ಕೋಪಕ್ಕೋ ಏನೋ, ನಿಂತಲ್ಲಿ ನಿಲ್ಲದೆ ಕುಣಿಯುತ್ತಿದ್ದರು. ಅವರ ಮೇಲೆ ಜನಕ್ಕೆ ಮೊದಲೇ ಗುಮಾನಿ. ಬೇಕಾದವರಿಗೆ ಒಳಗೊಳಗೇ ದಾಟಿಸುತ್ತಾರೆಂದು ಹೋದ ಸಲ ಅವರ ಊಟದ ಡಬ್ಬಿಯನ್ನೂ ಬಿಚ್ಚಿಸಿ ನೋಡಿದ್ದರು.

“ಸಾಲು ಅಂದ್ರೆ ಸಾಲು,” ಎಂದರು, ಆ ಹೆಂಗಸಿನ ಕಡೆ ಅಪ್ಪಿತಪ್ಪಿಯೂ ನೋಡದೆ. “ಊಟಕ್ಕೆ ಶಟರ್ ಎಳೆಯೋವರೆಗೂ ಕಾಯೋಣ. ಚಪ್ಪಲಿಯವರು ಬರದಿದ್ರೆ ಹಿಂದಿರೋ ಈ ಸಾರ್‌ಗೆ.”

ಬಾಟಲಿ ಎಲ್ಲರ ಕಣ್ಣೆದುರೇ ಇರಲೆಂದು ಅದನ್ನು ತಂದು ಚಪ್ಪಲಿಯ ಪಕ್ಕ ನಿಲ್ಲಿಸಿದರು. ಬಿಸಿಲಿಗೆ ಔಷಧಿ ಕೆಟ್ಟರೆ ತಮಗೇ ನಷ್ಟವೆಂದು ಸಫಾರಿಯವರು ಕೊಡೆ ಬಿಚ್ಚಿ ಎರಡಕ್ಕೂ ನೆರಳು ಹಿಡಿದರು. ನೋಡಿ ನೋಡಿ ಬೇಸತ್ತು ಜನ ಕರಗಿದರು. ಹೆಂಗಸು ಮಾತ್ರ ಕದಲಲಿಲ್ಲ.

“ಇನ್ನೇನಿದೆ ಅಂತ ನಿಂತಿದ್ದೀರಮ್ಮ? ಚಪ್ಪಲಿ ಆದ್ಮೇಲೆ ನಾನು. ನಿಮಗೇನೂ ಉಳಿಯಲ್ಲ.”

“ನಿಂತಿರ್ತೀನಿ ಸಾರ್. ಅಷ್ಟು ಹೊತ್ತು ಜಗಳ ಆಡಿದ್ದೀನಿ, ಯಾರ ಕಾಲು ಅಂತ ನೋಡೋದು ಬೇಡ್ವಾ?” ಎನ್ನುತ್ತಾ ಅವಳು ಚೀಲವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡಳು. ಅದರ ಹಿಡಿಗೂ ನೀಲಿ ದಾರದ ಹೊಲಿಗೆ ಹಾಕಿತ್ತು.

ಶಟರ್ ಬಿತ್ತು. ಸಫಾರಿಯವರು ಬಾಟಲಿಗೆ ಕೈ ಚಾಚಿದರು.

ಅಷ್ಟರಲ್ಲಿ ಅಂಗಡಿಯವರು ಬೀಗ ಜಡಿದು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಬಂದು, ಕೊಡೆಯ ನೆರಳಲ್ಲಿ ತಣ್ಣಗಿದ್ದ ಚಪ್ಪಲಿಯೊಳಗೆ ಕಾಲು ತೂರಿಸಿ, ಬಾಟಲಿಯನ್ನು ಅವಳ ಚೀಲಕ್ಕೆ ಇಳಿಸಿದರು: “ನಡಿ, ಅಮ್ಮ ಒಬ್ಬರೇ ಮಗೂನ ನೋಡ್ಕೊಂಡು ಕೂತಿರ್ತಾರೆ.”