ವಾಲ್ವಿಗೆ ಹಾಕಿದ ಹಾರ

ಇಂಥ ದೊಡ್ಡ ಜಾಗದ ಸಂಗತಿ ಹೇಳುವಷ್ಟು ದೊಡ್ಡವನು ನಾನಲ್ಲ; ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಯುಧಪೂಜೆಯ ಮರುದಿನ ಅಣುಸ್ಥಾವರದ ವಿಠೋಬ ತಿರುಗಿಸಬಾರದ ವಾಲ್ವ್ ತಿರುಗಿಸಿ, ವಿಕಿರಣ ಸೇರಿದ ನೀರನ್ನು ಹೊಳೆಗೆ ಬಿಟ್ಟುಬಿಟ್ಟ. ವಿಚಾರಣೆಗೆ ಕರೆ ಬಂತು. ಕೆಲಸ ಹೋಗುವುದು ಖಂಡಿತವೆಂದು ಅವನು ಅಂದು ಊಟದ ಡಬ್ಬಿಯನ್ನೂ ತಂದಿರಲಿಲ್ಲ.

“‘ತೆರೆಯಬಾರದು’ ಅಂತ ಕೆಂಪು ಚೀಟಿ ಕಟ್ಟಿತ್ತಲ್ಲೋ. ಕಣ್ಣು ಮನೇಲಿ ಬಿಟ್ಟು ಬಂದಿದ್ಯಾ?” ದೊಡ್ಡ ಸಾಹೇಬರು ಕೇಳಿದರು.

“ಚೀಟಿ ಕಾಣ್ಲಿಲ್ಲ ಸಾಹೇಬ್ರೆ. ಪಕ್ಕಪಕ್ಕದ ಎರಡು ವಾಲ್ವಿಗೂ ದಪ್ಪ ಚೆಂಡುಹೂವಿನ ಹಾರ ಇತ್ತು.”

“ಸರಿಸಿ ನೋಡೋಕೆ ಏನು ರೋಗ?”

“ಪೂಜೆಯ ಹಾರ ಮೂರು ದಿನ ಯಾರೂ ಮುಟ್ಟಬಾರ್ದು ಅಂತ ಅಪ್ಪಣೆ ಆಗಿತ್ತು.”

ಸಾಹೇಬರು ಮೇಜು ಗುದ್ದಿದರು. “ಚೀಟಿ ಮೇಲೆ ಹಾರ ಹಾಕಿ, ಮೇಲಿಂದ ಅಪ್ಪಣೆ ಬೇರೆ ಕೊಟ್ಟ ಆ ಪುಣ್ಯಾತ್ಮನನ್ನ ಇವತ್ತೇ ಮನೆಗೆ ಕಳಿಸ್ತೀನಿ. ಹೆಸರು ಬರ್ಕೊಳ್ಳಿ ಮೇಡಂ.”

ವಿಠೋಬ ತಲೆ ತಗ್ಗಿಸಿದ. ಹೇಳಿಕೆ ಬರೆದುಕೊಳ್ಳುತ್ತಿದ್ದ ಸುಲೋಚನಾ ಮೇಡಂ ಪೆನ್ನು ಎತ್ತಿದರು.

“ಸಾರ್, ನಿಮ್ಮ ಹೆಸರು ಪೂರ್ತಿ ಬರೀಲಾ, ಇನಿಷಿಯಲ್ ಸಾಕಾ?”

ವಿಠೋಬನ ಕೆಲಸ ಉಳಿಯಿತು. ವರದಿಯಲ್ಲಿ ಹೂವಿನ ಹೆಸರು ಮಾತ್ರ ಇತ್ತು. ಹೊಳೆಗೆ ಎಷ್ಟು ನೀರು ಹೋಯಿತೆಂಬುದು ನನಗೂ ಗೊತ್ತಿಲ್ಲ.