ಮೇಷ್ಟ್ರ ಮಾತು

“ನೀವೊಂದ್ಸಲ ಬಂದು ಹೇಳಿ ಮೇಷ್ಟ್ರೇ. ನಮ್ಮ ಮಾತು ಅವನ ಕಿವಿಗೇ ಹೋಗಲ್ಲ. ನಿಮ್ಮ ಮಾತು ಕೇಳ್ತಾನೆ” ಎಂದು ವೀರಮ್ಮ ಫೋನಿನಲ್ಲಿ ಹೇಳಿದಾಗ ಮಧುಸೂದನ ಮೇಷ್ಟ್ರು ಇಲ್ಲ ಅನ್ನಲಾರದೆ ಹೊರಟರು. ಹೇಳಬೇಕಾದದ್ದು ಎರಡೇ ಅಕ್ಷರ, ‘ಬೇಡ’ ಎಂದು. ಶಿವಮೊಗ್ಗದಲ್ಲಿ ಬಸ್ಸು ಹತ್ತಿದವರು ಭದ್ರಾವತಿ ಬರುವವರೆಗೂ ಅದನ್ನೇ ಬಾಯಿಪಾಠ ಮಾಡುತ್ತಾ ಕೂತರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಹೇಳಿಕೊಡುವುದು ಸಂಸ್ಕೃತ. ಹುಚ್ಚು ಹಿಡಿದಿರುವುದು ಮಾತ್ರ ಭದ್ರಾವತಿಯ ಒಂದು ಕಬಡ್ಡಿ ತಂಡದ್ದು, ಅದೂ ಹನ್ನೆರಡು ವರ್ಷದಿಂದ. ದಸರೆಯಿಂದ ಯುಗಾದಿಯವರೆಗೆ ಆ ತಂಡ ಎಲ್ಲಿ ಆಡಿದರೂ ಮೇಷ್ಟ್ರು ಅಲ್ಲಿ ಹಾಜರು, ಆಟಗಾರರಿಗೆಲ್ಲ ಮನೆಯವರಂತೆ. ಮಳೆಗಾಲಕ್ಕೆ ಆಟ ನಿಂತ ಮೇಲೂ ಅವರ ಆಟ ನಿಲ್ಲುತ್ತಿರಲಿಲ್ಲ. ಇವನನ್ನು ಮೂಲೆಗೆ ನಿಲ್ಲಿಸಿದ್ದರೆ, ಅವನು ಬೋನಸ್ಸಿಗೆ ಆಸೆಪಡದಿದ್ದರೆ ಎಂದು ಮುಗಿದ ಪಂದ್ಯಗಳನ್ನೆಲ್ಲ ಊಟದ ಎಲೆಯ ಮುಂದೆ ಮತ್ತೆ ಆಡಿಸಿ ಹೆಂಡತಿಯ ತಲೆ ತಿನ್ನುತ್ತಿದ್ದರು. ಈ ಸಲ ಆಷಾಢ ಬಂದರೂ ಮನುಷ್ಯ ತುಟಿ ಬಿಚ್ಚಿರಲಿಲ್ಲ. ತಂಡದ ಹೆಸರು ಕಿವಿಗೆ ಬಿದ್ದರೆ ಸಾಕು, ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಕಾರಣ ಫೈನಲ್ಲಿನ ಕೊನೆಯ ಎರಡು ನಿಮಿಷ. ವೀರಮ್ಮನ ಮಗ ಮಲ್ಲಿಕ್, ತಂಡದ ಜೀವವೇ ಆಗಿದ್ದ ರೈಡರ್, ಎಡಮಂಡಿ ಹಿಡಿದುಕೊಂಡು ನೆಲಕ್ಕೆ ಕೂತಿದ್ದ. ಹೊರಗೆ ಬಾ ಎಂದು ಕೋಚ್ ಕೈಮಾಡಿ ಕರೆಯುತ್ತಿದ್ದರು. ಆಗ ಜನರ ನಡುವಿನಿಂದ “ಏಳು ಮಲ್ಲಿಕ್!” ಎಂದು ಮೊದಲು ಕೂಗಿದ ಗಂಟಲು ಮೇಷ್ಟ್ರದ್ದು. ಹಿಂದೆಯೇ ಸಾವಿರ ಗಂಟಲು ಕೂಗಿದವು. ಹುಡುಗ ಎದ್ದ, ಎರಡು ಪಾಯಿಂಟ್ ತಂದ, ಕಪ್ಪು ಗೆದ್ದುಕೊಟ್ಟ, ಮಂಡಿಯ ಲಿಗಮೆಂಟ್ ಹರಿದುಕೊಂಡ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರು ಮೇಷ್ಟ್ರು, ಉಂಡವನು ಮಲ್ಲಿಕ್.

ಬಾಗಿಲಲ್ಲಿ ಮೇಷ್ಟ್ರನ್ನು ಕಂಡದ್ದೇ ಮಲ್ಲಿಕನ ಮುಖ ಅರಳಿತು. “ಒಂದು ಮಾತು ಹೇಳ್ದೆ ಬಂದ್ಬಿಟ್ರಲ್ಲ ಮೇಷ್ಟ್ರೇ! ಬನ್ನಿ ಬನ್ನಿ. ನಾಳೆ ಹೊಳೆಹೊನ್ನೂರಲ್ಲಿ ಟೀಮ್ ಸೆಲೆಕ್ಷನ್ ಇದೆ, ಗೊತ್ತಲ್ವಾ?”

“ನೀನು ಹೋಗ್ತೀಯಾ?”

“ಹೋಗ್ದೆ ಮತ್ತೆ? ನನ್ನ ಬಿಟ್ರೆ ರೈಡಿಗೆ ಯಾರಿದ್ದಾರೆ ನೀವೇ ಹೇಳಿ.”

ಯಾರೂ ಇಲ್ಲವೆಂಬುದು ಮೇಷ್ಟ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವನು ಬಂದರೆ ಈ ವರ್ಷವೂ ಕಪ್ಪು ನಮ್ಮದೇ ಎಂದು ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದು ತಿಳಿದದ್ದೇ ಮಲ್ಲಿಕನ ಮುಖದಿಂದ ಕಣ್ಣು ತೆಗೆದರು. ತನ್ನ ಬಗ್ಗೆ ತನಗೇ ಇಷ್ಟು ಭಯ ಅವರಿಗೆ ಯಾವತ್ತೂ ಆಗಿರಲಿಲ್ಲ.

ಕಾಫಿ ತಂದಿಟ್ಟ ವೀರಮ್ಮ ಅಲ್ಲೇ ನಿಂತರು. “ಡಾಕ್ಟ್ರು ಹೇಳಿದ್ದನ್ನ ಇವನು ನಿಮಗೆ ಹೇಳಲ್ಲ, ನಾನೇ ಹೇಳ್ತೀನಿ. ನಡೆಯೋಕೆ ಅಡ್ಡಿ ಇಲ್ವಂತೆ. ಆ ಎಡಗಾಲಿನ ಮೇಲೆ ಥಟ್ಟಂತ ತಿರುಗಿದ್ನೋ, ಜನ್ಮಪೂರ್ತಿ ಕೋಲು ಹಿಡ್ಕೊಂಡೇ ಓಡಾಡ್ಬೇಕಂತೆ. ಗ್ಯಾರೇಜಲ್ಲಿ ದಿನಪೂರ್ತಿ ನಿಂತು ದುಡಿಯೋ ಹುಡುಗ. ಕಾಲೇ ಹೋದ್ರೆ ಏನು ಮಾಡ್ಲಿ ಮೇಷ್ಟ್ರೇ?”

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. “ಬೇಡ ಮಾರಾಯ” ಎಂದರು. “ಈ ವರ್ಷ ಬೇಡ. ತಂಡ ಸೋತ್ರೆ ಸೋಲ್ಲಿ. ನಾನು ಹೇಳ್ತಿದೀನಿ, ಬೇಡ.”

ವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು. ಹೇಳಿಯಾಯಿತಲ್ಲ ಎಂದು ಮೇಷ್ಟ್ರಿಗೂ ಉಸಿರು ಬಂತು. ಮಲ್ಲಿಕ್ ಮಾತ್ರ ಒಪ್ಪಲಿಲ್ಲ.

“ಅಮ್ಮ ಹೇಳಿದ್ದು ಸರಿ, ಡಾಕ್ಟ್ರು ಹೇಳಿದ್ದೂ ಸರಿ. ನೀವೂ ಹಿಂಗಂದ್ರೆ ಹೆಂಗೆ ಮೇಷ್ಟ್ರೇ? ಕಾಲು ನೆಟ್ಟಗಾಗಿದೆ. ಬೇಕಿದ್ರೆ ನೀವೇ ನೋಡಿ, ನೋಡಿ ಆಮೇಲೆ ಹೇಳಿ.” ಕುರ್ಚಿ, ಸ್ಟೂಲುಗಳನ್ನು ಗೋಡೆಗೆ ತಳ್ಳಿದ. ಪಂಚೆ ಎತ್ತಿ ಕಟ್ಟಿದ. ನೆಲದ ಟೈಲ್ಸಿನ ಒಂದು ಗೆರೆಯನ್ನು ಮುಟ್ಟಿ ಹಣೆಗೊತ್ತಿಕೊಂಡ.

“ಬೇಡ ಅಂದ್ನಲ್ಲೋ” ಎಂದು ಮೇಷ್ಟ್ರು ಏಳುವಷ್ಟರಲ್ಲಿ “ಕಬಡ್ಡಿ ಕಬಡ್ಡಿ ಕಬಡ್ಡಿ” ಶುರುವಾಗಿತ್ತು. ನಾಲ್ಕು ತಿಂಗಳಿಂದ ಕೇಳದ ಸದ್ದು ಅದು. ಎದ್ದ ಮೇಷ್ಟ್ರು ಎದ್ದಲ್ಲೇ ನಿಂತರು. ಹುಡುಗ ಬಾಗಿ, ಕೈ ಚಾಚಿ, ಬಲಕ್ಕೊಮ್ಮೆ ಎಡಕ್ಕೊಮ್ಮೆ ತೂಗುತ್ತಾ ಎದುರಿನ ಗೋಡೆಯತ್ತ ನುಗ್ಗುತ್ತಿದ್ದ. ಹೆಜ್ಜೆ ಹಗುರವಾಗಿತ್ತು. ಮೇಷ್ಟ್ರ ಕಣ್ಣು ಆ ಹೆಜ್ಜೆಗಳ ಮೇಲೇ ನೆಟ್ಟಿತು.

ಸದ್ದು ಕೇಳಿ ವೀರಮ್ಮ ಅಡುಗೆಮನೆಯಿಂದ ಓಡಿ ಬಂದರು. “ನಿಲ್ಲೋ, ನಿಲ್ಲೋ ಮಗನೇ” ಎನ್ನುತ್ತಾ ಅವನ ಸೊಂಟಕ್ಕೆ ಕೈಹಾಕಲು ಬಲಗಡೆಯಿಂದ ನುಗ್ಗಿದರು. ಮಲ್ಲಿಕ್ ಅವರನ್ನು ನೋಡಿರಲಿಲ್ಲ. ನೋಡಿದವರು ಮೇಷ್ಟ್ರು. ಬಲಕ್ಕೆ ಹಿಡಿಯಲು ಬಂದ ಕೈ, ಎಡಕ್ಕೆ ಖಾಲಿ ಜಾಗ. ಹನ್ನೆರಡು ವರ್ಷದಿಂದ ಅವರು ನೋಡುತ್ತಾ ಬಂದದ್ದು ಅಷ್ಟನ್ನೇ.

“ಎಡಕ್ಕೆ! ಎಡಕ್ಕೆ ತಿರುಗು!”

ಕೂಗಿಗೆ ಮನೆಯ ಹೆಂಚು ಅದುರಿತು. ಕೂಗಿದ್ದು ತಾನೇ ಎಂದು ಗೊತ್ತಾಗುವಷ್ಟರಲ್ಲಿ ಮೇಷ್ಟ್ರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಮಲ್ಲಿಕ್ ಅವರ ಮಾತು ಕೇಳಿದ. ಎಡಗಾಲೂರಿ ಥಟ್ಟನೆ ತಿರುಗಿದ.