ಏಳನೆಯ ಗುಂಡಿ

ಕಂಪಲಾಪುರದ ಕಲ್ಯಾಣ ಮಂಟಪದ ಗೇಟಿನಲ್ಲೇ ದಾಮೋದರನ್ ಗಕ್ಕನೆ ನಿಂತ. ಒಳಗೆ ಬ್ಯಾಂಜೊ ನುಡಿಯುತ್ತಿತ್ತು. ಸ್ವರ ಏರುತ್ತ ಏರುತ್ತ ಒಂದು ಕಡೆ ಮುಗ್ಗರಿಸಿದಂತೆ ಮಾಡಿ, ಮೇಲಿನದನ್ನು ಮುಟ್ಟಿ, ಜಾರಿ ಕೆಳಗಿಳಿಯಿತು. ಅವನ ಮೈಯೆಲ್ಲ ಉರಿದುಹೋಯಿತು. ಅದು ಅವನದೇ ವರಸೆ. ಕದ್ದ ಮಾಲು.

ಕಣ್ಣೂರಿನಿಂದ ಶುಂಠಿ ಬೆಳೆಯುವವರ ಲಾರಿ ಹತ್ತಿ ಎಚ್.ಡಿ. ಕೋಟೆಗೆ ಬಂದಾಗ ಅವನಿಗೆ ಇಪ್ಪತ್ತೆರಡು. ಬಂದವರೆಲ್ಲ ವಾಪಸ್ ಹೋದರು, ಅವನು ಉಳಿದ. ಪಿರಿಯಾಪಟ್ಟಣದ ವನಿತಾಳನ್ನು ಮದುವೆಯಾದ. ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಬ್ಯಾಂಜೊ ನುಡಿಸತೊಡಗಿದ. ಮಲಯಾಳಿಗೆ ನಮ್ಮ ಹಾಡೇನು ಗೊತ್ತು ಎಂದು ಮೂಗು ಮುರಿದವರೇ ಅವನು ಬಿಡುವಾಗಿರುವ ದಿನ ಕೇಳಿಕೊಂಡು ಮಕ್ಕಳ ಆರತಕ್ಷತೆ ಇಟ್ಟುಕೊಳ್ಳುವಂತಾಯಿತು. ಟೈಪ್‌ರೈಟರಿನಂತೆ ಸಾಲುಗುಂಡಿಗಳಿರುವ ಆ ಪೆಟ್ಟಿಗೆಯೇ ಅವನ ಬದುಕು. ಒಮ್ಮೆ ಸಿಟ್ಟು ನೆತ್ತಿಗೇರಿ ತಾನೇ ಅದನ್ನು ನೆಲಕ್ಕೆ ಕುಕ್ಕಿ ಏಳನೆಯ ಗುಂಡಿ ಮುರಿದುಕೊಂಡ. ರಿಪೇರಿ ಮಾಡಿಸಲಿಲ್ಲ. ಆ ಸ್ವರವನ್ನು ಹಾರಿ, ಮೇಲಿನದನ್ನು ಮುಟ್ಟಿ ಜಾರುವ ವರಸೆ ಕಟ್ಟಿದ. ಜನ ಅದಕ್ಕೇ ಮರುಳಾದರು. ಅದನ್ನವನು ಯಾರಿಗೂ ಕಲಿಸಲಿಲ್ಲ.

ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇತ್ತು. ಆರು ತಿಂಗಳ ಹಿಂದೆ, ಕೀಬೋರ್ಡಿನ ಶಶಿಕುಮಾರ್ ಬ್ಯಾಂಜೊ ಮೇಲಿನ ತನ್ನ ಕೈಯನ್ನು ಫೋನಿನಲ್ಲಿ ವಿಡಿಯೊ ಮಾಡಿದನೆಂದು ವೇದಿಕೆಯ ಮೇಲೇ ಅವನ ಕಪಾಳಕ್ಕೆ ಬಿಗಿದ. ಆರ್ಕೆಸ್ಟ್ರಾದ ಯಜಮಾನ ಚೇತನ್‌ಕುಮಾರ್ ಮರುದಿನದಿಂದ ಕರೆಯಲಿಲ್ಲ. ದಾಮೋದರನ್ ಹಟಕ್ಕೆ ಬಿದ್ದು ಬ್ಯಾಂಜೊವನ್ನು ಟ್ರಂಕಿಗೆ ಹಾಕಿದ. ವನಿತಾ ಶುಂಠಿ ತೊಳೆಯುವ ಕೆಲಸವೆಂದು ಹುಣಸೂರಿಗೆ ಹೋಗತೊಡಗಿದಳು. ಹೇಗೋ ಸಂಸಾರ ನಡೆಯಿತು.

ಹೋದ ವಾರ ಮಿರ್ಲೆಯಲ್ಲಿ ಬಸ್ಸಿಗೆ ಕಾಯುವಾಗ ಯಾರದೋ ಮದುವೆಯ ಮೈಕಿನಲ್ಲಿ ಅದೇ ವರಸೆ ಕೇಳಿತು. ಓಡಿಹೋಗುವಷ್ಟರಲ್ಲಿ ಚೇತನ್‌ಕುಮಾರನ ಆರ್ಕೆಸ್ಟ್ರಾದ ವ್ಯಾನು ಹೊರಟುಹೋಗಿತ್ತು. ಮನೆಗೆ ಬಂದು ವನಿತಾಳ ಮುಂದೆ ಕೂಗಾಡಿದ.

“ಚೆನ್ನಾಗ್ ನುಡುಸ್ತಿದ್ರಾ?” ಸಾರು ಬಡಿಸುತ್ತ ಅವಳು ಕೇಳಿದಳು.

“ಅದು ನನ್ ಕೈ ಕಣೇ. ಚೆನ್ನಾಗಿರ್ದೆ ಇನ್ನೇನು?”

ಅವನು ಟ್ರಂಕು ತೆಗೆದು ನೋಡಿದ. ಆರು ತಿಂಗಳು ಮುಟ್ಟದಿದ್ದರೂ ತಂತಿಗೆ ತುಕ್ಕಿಲ್ಲ, ಶ್ರುತಿ ಕೂದಲೆಳೆಯಷ್ಟೂ ಇಳಿದಿಲ್ಲ. ಈಗಿನ ಮಾಲಿಗೆ ಇಂಥ ತಾಕತ್ತೆಲ್ಲಿ ಎಂದುಕೊಂಡು ಮುಚ್ಚಿಟ್ಟ.

ಇವತ್ತು ಕಂಪಲಾಪುರದಲ್ಲಿ ಅದೇ ಆರ್ಕೆಸ್ಟ್ರಾ ಎಂದು ಯಾರೋ ಬಾಯಿಬಿಟ್ಟಿದ್ದೇ ತಡ, ವನಿತಾ ಹತ್ತಿಹೋದ ಹುಣಸೂರು ಬಸ್ಸಿನ ಹಿಂದೆಯೇ ಬಂದ ಬಸ್ಸು ಹತ್ತಿ ಬಂದಿದ್ದ. ಜೇಬಿನಲ್ಲಿ ತಂತಿ ಕತ್ತರಿಸುವ ಇಕ್ಕಳವಿತ್ತು.

ಅವನನ್ನು ಕಂಡು ಚೇತನ್‌ಕುಮಾರ್ ಓಡಿಬಂದು ಗೇಟಿಗೆ ಅಡ್ಡ ನಿಂತ. “ಮಾಸ್ಟ್ರೇ, ಒಳೀಕ್ ಬ್ಯಾಡಿ. ಬ್ಯಾಂಜೊ ನುಡ್ಸೋರ್ ಎಸ್ರು ಯೋಳಾಕಿಲ್ಲ ಅಂತ ಮಾತು ಕೊಟ್ಟಿವ್ನಿ. ನೀವ್ ಎದುರುಗ್ ಬಂದ್ರೆ ಅವ್ರಿಗೇ ಕಷ್ಟ ಕಣ್ರೀ.”

“ಕಷ್ಟ ಆಗ್ಲಿ ಅಂತ್ಲೇ ಬಂದಿರೋದು. ಪೋಡಾ.”

ಅವನನ್ನು ತಳ್ಳಿ ಒಳನುಗ್ಗಿದ. ಧಾರೆ ಮುಗಿದು ಜನ ಊಟಕ್ಕೆ ಏಳುತ್ತಿದ್ದರು. ಕಳ್ಳ ಯಾರೇ ಆಗಲಿ, ವಿಡಿಯೊ ನೋಡಿ ಕಲಿತವನು, ಕಲಿಸಿದವನು ಶಶಿಕುಮಾರ್. ಒಂದೊಂದು ತಂತಿಯನ್ನೂ ಕತ್ತರಿಸಿ ಇಬ್ಬರ ಮುಖಕ್ಕೂ ಎಸೆಯುತ್ತೇನೆ ಎಂದು ಹಲ್ಲು ಕಡಿಯುತ್ತ ವೇದಿಕೆ ಹತ್ತಿದ. ಶಶಿಕುಮಾರ್ ಕೆನ್ನೆ ಮುಚ್ಚಿಕೊಂಡು ಹಿಂದೆ ಸರಿದ. ಬ್ಯಾಂಜೊ ಮಾತ್ರ ನಿಲ್ಲಲಿಲ್ಲ.

ದಾಮೋದರನ್ ಅತ್ತ ತಿರುಗಿದ. ಹೊಚ್ಚ ಹೊಸ ಬ್ಯಾಂಜೊ. ಏಳನೆಯ ಗುಂಡಿ ಗಟ್ಟಿಮುಟ್ಟಾಗಿತ್ತು. ಆದರೂ ಬೆರಳುಗಳು, ಅಲ್ಲಿ ಏನೂ ಇಲ್ಲವೆಂಬಂತೆ, ಅದನ್ನು ಹಾರಿ ಮೇಲಿನದನ್ನು ಮುಟ್ಟಿ ಜಾರಿದವು. ಬಳೆ ತೊಟ್ಟ ಕೈ. ಉಗುರಿನ ಸಂದಿಯಲ್ಲಿ ಶುಂಠಿಯ ಮಣ್ಣು ಚೂರೂ ಇರಲಿಲ್ಲ.

ವನಿತಾ ತಲೆಯೆತ್ತಿ ಅವನನ್ನು ನೋಡಿದಳು. ಕಣ್ಣಲ್ಲಿ ಹೆದರಿಕೆಯಿರಲಿಲ್ಲ, ಸಿಟ್ಟಿತ್ತು. ನುಡಿಸುವುದನ್ನು ಅವಳು ನಿಲ್ಲಿಸಲಿಲ್ಲ.

ಆ ಗುಂಡಿ ಮುರಿದದ್ದು, ಅವಳು ಬ್ಯಾಂಜೊ ಮುಟ್ಟಿದಳೆಂದು ಅವನು ಅದನ್ನು ಅವಳ ಕೈಯಿಂದ ಕಿತ್ತು ನೆಲಕ್ಕೆ ಕುಕ್ಕಿದ ದಿನ.